ಮೂವತ್ತರ ಬಾಡಿಗೆ ಕಟ್ಟುವವರು ಯಾರು?

ಎಲ್ಲರಿಗೂ ನಮಸ್ಕಾರ.

ಹದಿಹರೆಯದ ಹುಡುಗ ಹುಡುಗಿಯರು ದೊಡ್ಡವರಾಗುವ ಸಿನಿಮಾಗಳಿಗೆ ಲೆಕ್ಕವಿಲ್ಲ. ಇವತ್ತು ಅವುಗಳ ಸುದ್ದಿ ಬೇಡ. ಆಧಾರ್ ಕಾರ್ಡಿನ ಪ್ರಕಾರ ಎಂದೋ ದೊಡ್ಡವರಾಗಿ, ಬದುಕಿನಲ್ಲಿ ಮಾತ್ರ ಇನ್ನೂ ಹೊಸ್ತಿಲಲ್ಲೇ ನಿಂತಿರುವ ಮೂವತ್ತರ ಆಸುಪಾಸಿನವರ ಸಿನಿಮಾಗಳ ಬಗ್ಗೆ ಮಾತಾಡೋಣ. ಇಂಥದ್ದನ್ನು ನೋಡುವಾಗ ನನ್ನದು ಒಂದೇ ಪ್ರಶ್ನೆ: ಈ ಮನುಷ್ಯನ ಮನೆ ಬಾಡಿಗೆಯನ್ನು ಯಾರು ಕಟ್ಟುತ್ತಿದ್ದಾರೆ? ಒರಟು ಪ್ರಶ್ನೆಯೇ. ಆದರೆ ಒಳ್ಳೆಯ ಸಿನಿಮಾಗಳು ಇದಕ್ಕೆ ಉತ್ತರ ಕೊಡುತ್ತವೆ. ಉಳಿದವು ಹಿನ್ನೆಲೆ ಸಂಗೀತ ಹಾಕಿ ಜಾರಿಕೊಳ್ಳುತ್ತವೆ.

ಫೆಡೆರಿಕೊ ಫೆಲಿನಿಯ 1953ರ ‘ಇ ವಿಟೆಲ್ಲೋನಿ’ಯಿಂದ ಶುರು ಮಾಡುತ್ತೇನೆ. ಇಟಲಿಯ ಕಡಲ ತೀರದ ಒಂದು ಸಣ್ಣ ಊರು, ಅಲ್ಲಿ ಐದು ಜನ ಗೆಳೆಯರು. ಬಿಲಿಯರ್ಡ್ಸ್ ಆಡುವುದು, ಕೆಫೆಯಲ್ಲಿ ಕೂರುವುದು, ರಾತ್ರಿ ಖಾಲಿ ಬೀದಿಯಲ್ಲಿ ಅಲೆಯುವುದು, ಇಷ್ಟೇ ಕಸುಬು. ಇವರಲ್ಲಿ ಆಲ್ಬರ್ಟೊ ಎಂಬವನಿದ್ದಾನೆ, ಆಲ್ಬರ್ಟೊ ಸೋರ್ಡಿ ಮಾಡಿದ ಪಾತ್ರ. ಮನೆಯಲ್ಲಿ ತಾಯಿ, ಜೊತೆಗೆ ದುಡಿಯುವ ಅಕ್ಕ ಓಲ್ಗಾ. ಆ ಅಕ್ಕನ ಕೈಯಿಂದಲೇ ದುಡ್ಡು ಈಸಿಕೊಂಡು, ಮದುವೆಯಾದ ಗಂಡಸಿನ ಜೊತೆ ನಿನಗೇನು ಸಂಬಂಧ ಎಂದು ಅವಳಿಗೇ ಬುದ್ಧಿ ಹೇಳುತ್ತಾನೆ. ಕಾರ್ನಿವಲ್ ಮುಗಿದ ಬೆಳಗಿನ ಜಾವ ಹೆಣ್ಣುವೇಷದಲ್ಲಿ ಕುಡಿದು ತೂರಾಡುತ್ತಾ ಮನೆಗೆ ಬಂದರೆ, ಓಲ್ಗಾ ಸಾಮಾನು ಕಟ್ಟಿಕೊಂಡು ಹೊರಟು ನಿಂತಿದ್ದಾಳೆ. ಅಳುತ್ತಿರುವ ತಾಯಿಗೆ ಇವನು ನಾನು ಕೆಲಸ ಹುಡುಕುತ್ತೇನೆ ಎಂದು ಸಮಾಧಾನ ಹೇಳುತ್ತಾನೆ. ನಗಬೇಕೋ ಅಳಬೇಕೋ ಗೊತ್ತಾಗದ ದೃಶ್ಯ ಅದು. ಇವನ ಹುಡುಗಾಟಕ್ಕೆ ಇಷ್ಟು ವರ್ಷ ಯಾರ ದುಡಿಮೆ ಖರ್ಚಾಯಿತು ಎನ್ನುವುದನ್ನು ಫೆಲಿನಿ ಅಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಬಾಗಿಲಲ್ಲಿ ಅಕ್ಕನನ್ನು ನಿಲ್ಲಿಸುತ್ತಾನೆ, ಸಾಕು.

ಇನ್ನೊಂದು ದೃಶ್ಯದಲ್ಲಿ ಇದೇ ಆಲ್ಬರ್ಟೊ ಕಾರಿನಲ್ಲಿ ಹೋಗುತ್ತಾ ರಸ್ತೆ ಕೆಲಸದ ಕೂಲಿಗಳನ್ನು ಕೈಸನ್ನೆ ಮಾಡಿ ಗೇಲಿ ಮಾಡುತ್ತಾನೆ. ಸ್ವಲ್ಪ ಮುಂದಕ್ಕೆ ಕಾರು ಕೆಟ್ಟು ನಿಲ್ಲುತ್ತದೆ, ಕೂಲಿಗಳು ಅಟ್ಟಿಸಿಕೊಂಡು ಬರುತ್ತಾರೆ! ಗೆಳೆಯರಲ್ಲಿ ಮದುವೆಯಾದವನು ಫೌಸ್ಟೊ ಒಬ್ಬನೇ, ಮಗುವೂ ಇದೆ. ಅವನಿಗೆ ಕೊನೆಗೆ ಅಪ್ಪನಿಂದ ಬೆಲ್ಟಿನ ಏಟು ಬೀಳುತ್ತದೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ನಂಬುವ ನಮ್ಮ ಹಿರಿಯರು ಈ ಸಿನಿಮಾ ನೋಡಬೇಕು.

ಈಗ ನ್ಯೂಯಾರ್ಕ್. ನೋವಾ ಬೌಂಬಾಕ್ ನಿರ್ದೇಶಿಸಿ, ಗ್ರೆಟಾ ಗರ್ವಿಗ್ ಜೊತೆ ಸೇರಿ ಬರೆದ ‘ಫ್ರಾನ್ಸೆಸ್ ಹಾ’, 2012ರ ಕಪ್ಪು ಬಿಳುಪು ಸಿನಿಮಾ. ಫ್ರಾನ್ಸೆಸ್‌ಗೆ ಇಪ್ಪತ್ತೇಳು. ನೃತ್ಯ ತಂಡದಲ್ಲಿ ಇದ್ದೂ ಇಲ್ಲದ ಸ್ಥಾನ. ಜೊತೆಗಿದ್ದ ಗೆಳತಿ ಸೋಫಿ ಬೇರೆ ಕಡೆಗೆ ಹೊರಟಳೆಂದರೆ ಇವಳಿಗೆ ಮನೆಯೂ ಇಲ್ಲ, ಅರ್ಧ ಜೀವವೂ ಇಲ್ಲ. ಈ ಸಿನಿಮಾ ಬಾಡಿಗೆಯ ವಿಷಯದಲ್ಲಿ ಪ್ರಾಮಾಣಿಕ. ವಿಳಾಸ ಬದಲಾದ ಹಾಗೆಲ್ಲ ಆ ವಿಳಾಸವನ್ನೇ ತೆರೆಯ ಮೇಲೆ ಬರೆದು ತೋರಿಸುತ್ತದೆ. ನಾನು ಬಡವಿ ಎಂದು ಅವಳು ಹೇಳಿಕೊಂಡರೆ, ಹಾಗೆನ್ನುವುದು ನಿಜವಾದ ಬಡವರಿಗೆ ಅವಮಾನ ಎಂದು ಗೆಳೆಯನೊಬ್ಬ ಮುಖಕ್ಕೇ ಹೇಳುತ್ತಾನೆ. ಇದು ಈ ಬಗೆಯ ಎಲ್ಲ ಸಿನಿಮಾಗಳಿಗೂ ಹೇಳಬೇಕಾದ ಮಾತು. ಬಿದ್ದರೆ ಹಿಡಿದುಕೊಳ್ಳಲು ಅಪ್ಪ ಅಮ್ಮನ ಮನೆ ಇರುವವರಿಗೇ ಮೂವತ್ತರವರೆಗೆ ತಡಕಾಡಲು ಪುರುಸೊತ್ತು. ಫ್ರಾನ್ಸೆಸ್ ಕ್ರೆಡಿಟ್ ಕಾರ್ಡ್ ಉಜ್ಜಿ ಪ್ಯಾರಿಸ್ಸಿಗೆ ಹೋಗಿ ನಿದ್ದೆಯಲ್ಲೇ ಕಾಲ ಕಳೆದು ಬರುತ್ತಾಳೆ. ಕೊನೆಗೆ ಬೇಡವೆಂದಿದ್ದ ಆಫೀಸಿನ ಕೆಲಸವನ್ನೇ ಒಪ್ಪಿಕೊಂಡು, ಜೊತೆಗೆ ತನ್ನದೇ ನೃತ್ಯ ಸಂಯೋಜನೆಯನ್ನೂ ಮಾಡುತ್ತಾಳೆ. ಇದನ್ನು ಸೋಲೆಂದು ನೋಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಂಬಳ ಬಂದ ಮೇಲೆಯೇ ಅವಳು ತನ್ನದು ಎನ್ನುವಂಥ ಒಂದು ನೃತ್ಯ ಮಾಡಿದ್ದು.

‘ಟಿಕ್, ಟಿಕ್... ಬೂಮ್!’ (2021) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಂಗೀತ ನಾಟಕಕಾರ ಜೊನಾಥನ್ ಲಾರ್ಸನ್ 1990ರಲ್ಲಿ ಮೂವತ್ತಕ್ಕೆ ಕಾಲಿಡುವ ಕಥೆ. ಡೈನರ್ ಒಂದರಲ್ಲಿ ತಿಂಡಿ ಬಡಿಸಿ ಬಾಡಿಗೆ ಹೊಂದಿಸುವವನು. ತಾನೇ ಬರೆದ ನಾಟಕದ ವಾಚನದ ಹೊತ್ತಿಗೆ ಬಿಲ್ ಕಟ್ಟದೆ ಮನೆಯ ಕರೆಂಟು ಹೋಗುತ್ತದೆ. ನಟನೆ ಬಿಟ್ಟು ಜಾಹೀರಾತು ಕಂಪನಿ ಸೇರಿದ ಗೆಳೆಯ ಮೈಕೇಲ್‌ನನ್ನು ಈ ಸಿನಿಮಾ ಹೀಯಾಳಿಸುವುದಿಲ್ಲ. ಅದು ನನಗೆ ಹಿಡಿಸಿತು.

ಇದೇ ಅಳತೆಯಲ್ಲಿ ‘ದ ವರ್ಸ್ಟ್ ಪರ್ಸನ್ ಇನ್ ದ ವರ್ಲ್ಡ್’ ಸ್ವಲ್ಪ ಸೋಲುತ್ತದೆ. ಯೋಆಕಿಮ್ ಟ್ರೀಯರ್‌ನ 2021ರ ನಾರ್ವೆ ಸಿನಿಮಾ. ನಾಯಕಿ ಯೂಲಿಯ ಪಾತ್ರಕ್ಕೆ ರೆನಾಟೆ ರೈನ್ಸ್ವೆಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಯೂಲಿ ವೈದ್ಯಕೀಯ ಬಿಟ್ಟು ಮನಶ್ಶಾಸ್ತ್ರಕ್ಕೆ, ಅದನ್ನೂ ಬಿಟ್ಟು ಛಾಯಾಗ್ರಹಣಕ್ಕೆ ಹೋಗುತ್ತಾಳೆ. ಇಷ್ಟು ಸಲ ಹಳಿ ಬದಲಿಸುವುದಕ್ಕೆ ಬೇಕಾದ ದುಡ್ಡಿನ ಚಿಂತೆ ಸಿನಿಮಾಕ್ಕೆ ಅಷ್ಟಾಗಿ ಇಲ್ಲ. ಆದರೆ ಅದರಲ್ಲಿ ಒಂದು ಭಾಗವಿದೆ, ಅದಕ್ಕೆ ನೂರು ತಪ್ಪು ಮಾಫಿ. ಯೂಲಿಯ ಮೂವತ್ತನೇ ಹುಟ್ಟುಹಬ್ಬದ ದಿನ ಅವಳ ತಾಯಿ, ಅಜ್ಜಿ, ಮುತ್ತಜ್ಜಿ ಹೀಗೆ ಹಿಂದೆ ಹಿಂದೆ ಹೋಗುತ್ತಾ, ಮೂವತ್ತರಲ್ಲಿ ಯಾರು ಏನಾಗಿದ್ದರು ಎಂದು ನಿರೂಪಕಿ ಹೇಳುತ್ತಾ ಹೋಗುತ್ತಾಳೆ. ಕೊನೆಗೆ ಸಿಗುವ ಹೆಂಗಸು ಮೂವತ್ತನ್ನು ಮುಟ್ಟಲೇ ಇಲ್ಲ. ಯೂಲಿಯ ಪುರುಸೊತ್ತಿನ ಸಾಲ ಎಷ್ಟು ತಲೆಮಾರಿನದು ಎನ್ನುವುದು ಅಲ್ಲಿ ಥಟ್ಟನೆ ಹೊಳೆಯುತ್ತದೆ.

ಇನ್ನು ನಮ್ಮ ಕಡೆಗೆ ಬನ್ನಿ. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’, 2017. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನ, ವಯಸ್ಸು ಇಪ್ಪತ್ತೆಂಟು, ತಲೆ ಬೋಳು. ಕೆಲಸ ಇದೆ, ಸಂಬಳ ಇದೆ, ಇರುವುದು ಅಪ್ಪ ಅಮ್ಮನ ಮನೆಯಲ್ಲಿ. ಬಾಡಿಗೆಯ ಪ್ರಶ್ನೆಯೇ ಏಳುವುದಿಲ್ಲ. ಆದರೂ ಅವನಿನ್ನೂ ‘ಹುಡುಗ’ನೇ, ಏಕೆಂದರೆ ಮದುವೆಯಾಗಿಲ್ಲ. ಓಸ್ಲೋದ ಯೂಲಿಗೆ ದಾರಿಗಳು ಹೆಚ್ಚಾದ ಸಂಕಟವಾದರೆ, ಇವನಿಗಿರುವುದು ಒಂದೇ ದಾರಿ, ಅದರ ಬಾಗಿಲ ಕೀಲಿಯೂ ಬೇರೆಯವರ ಕೈಯಲ್ಲಿ. ತನ್ನ ಬೋಳುತಲೆ ನೋಡಿ ಮುಖ ತಿರುಗಿಸಿದವರಿಂದ ನೊಂದವನು, ದಪ್ಪಗಿರುವ ಸರಳಾಳನ್ನು ಕಂಡಾಗ ತಾನೂ ಹಿಂಜರಿಯುತ್ತಾನಲ್ಲ, ಸಿನಿಮಾ ನಿಜಕ್ಕೂ ಬೆಳೆಯುವುದು ಅಲ್ಲಿ. ಆ ಹಿಂಜರಿಕೆಗೆ ಜ್ಯೋತಿಷಿಯನ್ನೂ ದೂರುವಂತಿಲ್ಲ, ಅಮ್ಮನನ್ನೂ ದೂರುವಂತಿಲ್ಲ.

ನನಗೊಂದು ಕೊರತೆ ಕಾಡುತ್ತದೆ. ನಾನು ಹೇಳಿದ ಸಿನಿಮಾಗಳಲ್ಲೆಲ್ಲ ತಡವಾಗಿ ದೊಡ್ಡವರಾಗುವವರೇ ನಾಯಕರು. ಓಲ್ಗಾಳ ಪಾಲಿಗೆ ಬಂದದ್ದು ಕೆಲವೇ ದೃಶ್ಯ. ಬೆಂಗಳೂರಿನ ಪಿ.ಜಿ.ಗಳಲ್ಲಿ ಎಷ್ಟು ಜನ ಓಲ್ಗಾಗಳಿದ್ದಾರೆ! ತಮ್ಮನ ಫೀಸು, ಊರಿನ ಮನೆಯ ಸಾಲದ ಕಂತು, ಅಪ್ಪನ ಔಷಧಿ, ಇಷ್ಟನ್ನೂ ಫೋನಿನಲ್ಲೇ ಕಳಿಸಿ, ಮದುವೆ ಯಾವಾಗಮ್ಮ ಎಂಬ ಪ್ರಶ್ನೆಗೂ ಉತ್ತರ ಕೊಡುವವರು. ಇಪ್ಪತ್ತೆರಡಕ್ಕೇ ದೊಡ್ಡವಳಾಗಿಬಿಟ್ಟ ಅಂಥವಳು ಮೂವತ್ತರಲ್ಲಿ ಸ್ವಲ್ಪ ಹುಡುಗಾಟ ಕೇಳಿದರೆ ಏನಾಗುತ್ತದೆ? ಈ ಕಥೆಯನ್ನು ಅವಳ ಕಡೆಯಿಂದ ಹೇಳಿದ ಕನ್ನಡ ಸಿನಿಮಾ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮಲ್ಲಿ ಯಾರಾದರೂ ನೋಡಿದ್ದರೆ ಹೆಸರು ಹೇಳಿ, ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ.