ಜೀವವಿಜ್ಞಾನದಲ್ಲಿ ಸಂಶೋಧನಾ ಅವಕಾಶಗಳನ್ನು ಹುಡುಕುವ ಬಗೆ

ಕೇಳುಗರಿಗೆ ನಮಸ್ಕಾರ. ದಾವಣಗೆರೆ ವಿಶ್ವವಿದ್ಯಾನಿಲಯದ ಆವರಣವಾದ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನವನ್ನೋ ಜೀವರಸಾಯನ ವಿಜ್ಞಾನವನ್ನೋ ಓದಿ ಎಂ.ಎಸ್ಸಿ. ಮುಗಿಸುವ ಹೊತ್ತಿಗೆ, ನಮ್ಮ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಪಿಎಚ್.ಡಿ. ಎಂದರೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಎಂಬ ಭಾವನೆ ಬೇರೂರಿರುತ್ತದೆ. ಪರೀಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೊಡುವುದು ಅರ್ಹತೆಯನ್ನು ಮತ್ತು ಶಿಷ್ಯವೇತನವನ್ನು. ಪ್ರಯೋಗಾಲಯದಲ್ಲಿ ಜಾಗ ಕೊಡಬೇಕಾದವರು ಮಾರ್ಗದರ್ಶಕರು. ಈ ಎರಡನ್ನೂ ಜೊತೆಜೊತೆಯಾಗಿಯೇ ಹುಡುಕಬೇಕೆಂದು ಯಾರೂ ಬಿಡಿಸಿ ಹೇಳದಿರುವುದರಿಂದ, ಜೆ.ಆರ್.ಎಫ್. ಎಂಬ ಕಿರಿಯ ಸಂಶೋಧನಾ ಶಿಷ್ಯವೇತನ ಪಡೆದವರೂ ಮಾರ್ಗದರ್ಶಕರು ಸಿಗದೆ ಅಲೆಯುವುದನ್ನು ಕಂಡು ನನಗೆ ನೋವಾಗಿದೆ.

ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ, ಅಂದರೆ ಸಿಎಸ್ಐಆರ್ ನೆಟ್‌ನ ಜೀವವಿಜ್ಞಾನ ಪತ್ರಿಕೆಯ 200 ಅಂಕಗಳಲ್ಲಿ 100 ಅಂಕಗಳು ಸಿ ಭಾಗದ ಪ್ರಶ್ನೆಗಳಿಗೆ ಮೀಸಲು. ಅವು ಪ್ರಯೋಗದ ಫಲಿತಾಂಶವನ್ನು ಮುಂದಿಟ್ಟು ಅರ್ಥ ಕೇಳುವ ಪ್ರಶ್ನೆಗಳು. ಬಾಯಿಪಾಠ ಅಲ್ಲಿ ನೆರವಿಗೆ ಬರುವುದಿಲ್ಲ. 2023ರ ಜನವರಿಯಿಂದ ಜೆ.ಆರ್.ಎಫ್. ಮೊತ್ತ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಆಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ ಪರೀಕ್ಷೆಗಳು, ಎಂಜಿನಿಯರಿಂಗ್ ಮತ್ತು ವಿಜ್ಞಾನ ವಿಷಯಗಳ ಗೇಟ್, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಸೇರಲು ಬರೆಯುವ ಜೆಜೀಬಿಲ್ಸ್ ಇವೂ ಇವೆ.

ಇವುಗಳಷ್ಟು ಪ್ರಚಾರವಿಲ್ಲದ ಇನ್ನೊಂದು ದಾರಿ ಪ್ರಾಜೆಕ್ಟ್ ಹುದ್ದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದೆಡೆ ಒಂದು ಯೋಜನೆಗೆ ಅನುದಾನ ಬಂದಾಗ ಸಹಾಯಕರನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುತ್ತಾರೆ. ಪ್ರಕಟಣೆ ಸಂಸ್ಥೆಯ ಜಾಲತಾಣದಲ್ಲಿ ಬರುತ್ತದೆ. ಗಡುವು ಬಹುಪಾಲು ಹತ್ತಿರದಲ್ಲೇ ಇರುತ್ತದೆ. ಯೋಜನೆ ಮುಗಿದಾಗ ಹುದ್ದೆಯೂ ಮುಗಿಯುತ್ತದೆ, ನಿಜ. ಆದರೂ ಅಲ್ಲಿ ಕೈಗೆ ಹತ್ತಿದ ಕೆಲಸ ಮತ್ತು ವಿಜ್ಞಾನಿಯೊಬ್ಬರ ಶಿಫಾರಸು ಪತ್ರ ಮುಂದಿನ ಸಂದರ್ಶನದಲ್ಲಿ ತೂಕ ತರುತ್ತವೆ. ಎಂ.ಎಸ್ಸಿ. ಇನ್ನೂ ಓದುತ್ತಿರುವವರು, ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ತಪ್ಪದೆ ಅರ್ಜಿ ಹಾಕಬೇಕು.

ವಿಜ್ಞಾನಿಗಳಿಗೆ ಪತ್ರ ಬರೆಯುವಾಗ ಒಂದೇ ಒಕ್ಕಣೆಯನ್ನು ಐವತ್ತು ಜನರಿಗೆ ಕಳಿಸುವುದು ವ್ಯರ್ಥ. ದಾವಣಗೆರೆ ಸೀಮೆಯ ಮೆಕ್ಕೆಜೋಳಕ್ಕೆ 2018ರಿಂದ ಸೈನಿಕ ಹುಳುವಿನ ಕಾಟವಿದೆ. ಆ ಹುಳುವಿಗೆ ರೋಗ ತರುವ ಶಿಲೀಂಧ್ರದ ಮೇಲೆ ನೀವು ಪ್ರಾಜೆಕ್ಟ್ ಮಾಡಿದ್ದರೆ, ಅಂಥ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವವರ ಇತ್ತೀಚಿನ ಲೇಖನವೊಂದನ್ನು ಪೂರ್ತಿ ಓದಿ. ಅದರಲ್ಲಿ ನಿಮಗೆ ಎದ್ದ ಪ್ರಶ್ನೆ, ನೀವು ಸ್ವತಃ ಮಾಡಿರುವ ಪ್ರಯೋಗ ಮತ್ತು ಯಾವಾಗಿನಿಂದ ಸೇರಬಲ್ಲಿರಿ ಎಂಬುದು, ಇಷ್ಟನ್ನು ಒಂದು ಪುಟದೊಳಗೆ ಬರೆಯಿರಿ. ಡಿಎನ್ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪ್ರಯೋಗವನ್ನು ನೋಡಿದ್ದಷ್ಟೇ ಆದರೆ ಮಾಡಿದ್ದೇನೆಂದು ಬರೆಯಬೇಡಿ. ಸಂದರ್ಶನದಲ್ಲಿ ಅದಕ್ಕೆ ಬಳಸುವ ಚಿಕ್ಕ ಡಿಎನ್ಎ ಎಳೆಯಾದ ಪ್ರೈಮರ್ ಬಗ್ಗೆ ಕೇಳುವ ಮೊದಲ ಪ್ರಶ್ನೆಗೇ ಅದು ಬಯಲಾಗುತ್ತದೆ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ವಿನಯದಿಂದ ಒಮ್ಮೆ ನೆನಪಿಸಬಹುದು.

ಒಪ್ಪಿಕೊಳ್ಳುವ ಮುನ್ನ ಆ ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿಗಳೊಡನೆ ಮಾತಾಡಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು, ಆರು ವರ್ಷದೊಳಗೆ ಮುಗಿಸುವುದು ಸಾಮಾನ್ಯ ಮಿತಿ. ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು ಜನರಿಗೆ, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಆದ್ದರಿಂದ ಅವರಲ್ಲಿ ಜಾಗ ಖಾಲಿಯಿದೆಯೇ, ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ಶಿಷ್ಯವೇತನ ಸಕಾಲಕ್ಕೆ ಬರುತ್ತಿದೆಯೇ ಎಂಬುದನ್ನು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಿ.