ಬೆಂಕಿ ಆರಿಸುವವರಿಗೂ ಒಂದು ಕುರ್ಚಿ ಹಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಕಿ ಬಿದ್ದಿದೆ ಅಂತ ಒಂದು ಫೋನ್ ಮಾಡಿದರೆ ಸಾಕು, ಅಗ್ನಿಶಾಮಕ ಸಿಬ್ಬಂದಿ ಓಡಿ ಬರುತ್ತಾರೆ. ಅವರ ಪಾಳಿ ಎಷ್ಟು ಹೊತ್ತಿನದು? ಒಂದು ಗಾಡಿಯಲ್ಲಿ ಎಷ್ಟು ಜನ ಹೋಗಬೇಕು? ಇದನ್ನು ತೀರ್ಮಾನ ಮಾಡುವಾಗ ಅವರನ್ನೂ ಕೂರಿಸಿಕೊಳ್ಳಿ. ನಾನು ಹೇಳಬೇಕಾದದ್ದು ಇಷ್ಟೇ. ಸಿಬ್ಬಂದಿ ಎಲ್ಲರ ಪರವಾಗಿ ಅವರ ಸಂಘ ಅಧಿಕಾರಿಗಳ ಜೊತೆ ಕೂತು ಮಾತಾಡುತ್ತದೆ, ಒಪ್ಪಿದ್ದಕ್ಕೆ ಎರಡೂ ಕಡೆಯವರು ಸಹಿ ಹಾಕುತ್ತಾರೆ. ಸಾಮೂಹಿಕ ಚೌಕಾಸಿ ಅಂದರೆ ಇದೇ.

ಅಂಥ ಒಂದು ಮಾತುಕತೆಯಲ್ಲಿ ಸಂಘದ ಪರವಾಗಿ ನಾನೂ ಕೂತಿದ್ದೆ. ಒಬ್ಬೊಬ್ಬರಿಗೆ ಎರಡೆರಡು ಜೊತೆ ರಕ್ಷಣಾ ಉಡುಪು ಕೊಡಿ ಅನ್ನುವುದು ಬೇಡಿಕೆ. ಒಂದು ಸಾಲದೇ, ಒಗೆದು ಹಾಕಿಕೊಳ್ಳಲಿ ಅಂದರು ಅಧಿಕಾರಿಗಳು. ಮೂರು ಸಲ ಸಭೆ ಸೇರಿದರೂ ಅದೇ ಉತ್ತರ. ನಾಲ್ಕನೇ ಸಲ ಹಿರಿಯ ಸಿಬ್ಬಂದಿಯೊಬ್ಬರು ಒಂದು ಚೀಲ ತಂದರು. ಹಿಂದಿನ ರಾತ್ರಿ ಬೆಂಕಿಗೆ ಹೊಕ್ಕು ಬಂದಿದ್ದ ಕೋಟನ್ನು ತೆಗೆದು ಮೇಜಿನ ಮೇಲೆ ಹರಡಿದರು. ಕಾಗದಗಳ ಮೇಲೆಲ್ಲ ಮಸಿ ಉದುರಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಒಬ್ಬರು ಎದ್ದು ಕಿಟಕಿ ತೆಗೆದರು. "ಸಾರ್, ಇದನ್ನ ಒಗೆದ್ರೆ ಒಣಗೋದು ನಾಳೆ. ಅಷ್ಟರಲ್ಲಿ ಗಂಟೆ ಹೊಡೆದ್ರೆ ಇದನ್ನೇ ಹಾಕ್ಕೊಂಡು ಓಡ್ಬೇಕು" ಅಂದರು ಅವರು. ಮುಖ್ಯ ಅಧಿಕಾರಿ ಕಾಲರನ್ನು ಮುಟ್ಟಿ, ತಮ್ಮ ಬೆರಳು ನೋಡಿಕೊಂಡರು. ಅವತ್ತೇ ಎರಡನೇ ಜೊತೆಗೆ ಒಪ್ಪಿಗೆ ಸಿಕ್ಕಿತು.

ಆ ಮಸಿ ಸುಮ್ನೆ ಕೊಳೆಯಲ್ಲ. ಬೆಂಕಿ ಆರಿಸುವ ಕೆಲಸವೇ ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಹೇಳಿದೆ. ಆ ಕೋಟು ಮೇಜಿನ ತನಕ ಬರಬೇಕಾದರೆ, ತಂದವರಿಗೆ ಅಲ್ಲೊಂದು ಕುರ್ಚಿ ಇರಬೇಕಲ್ವಾ?

ಮಾತು ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಕ್ಕು ಕೊಟ್ಟರೆ ಇವರು ಮುಷ್ಕರ ಹೂಡುತ್ತಾರೆ, ಊರು ಸುಟ್ಟುಹೋಗುತ್ತದೆ ಅನ್ನುವವರು ಜಾಸ್ತಿ. ಈ ಮಾತಿಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ! ದಯವಿಟ್ಟು ಎರಡನ್ನೂ ಕಲಸಬೇಡಿ. ಮಾತುಕತೆಯ ಹಕ್ಕು ಬೇರೆ, ಮುಷ್ಕರದ ಹಕ್ಕು ಬೇರೆ. ಮುಷ್ಕರ ಬೇಡ ಅನ್ನುವುದಾದರೆ, ಮಾತು ಮುರಿದಾಗ ನ್ಯಾಯ ಹೇಳಲು ಎರಡೂ ಕಡೆಯವರು ನಂಬುವ ಮಧ್ಯಸ್ಥರನ್ನು ಕೊಡಿ.

ಸಂಘ ಕಟ್ಟುವ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1948ರಲ್ಲಿ ಒಪ್ಪಂದ ಮಾಡಿತು. ಸೈನ್ಯಕ್ಕೂ ಪೊಲೀಸರಿಗೂ ಅದು ಎಷ್ಟರ ಮಟ್ಟಿಗೆ ಅನ್ವಯಿಸಬೇಕು ಅನ್ನುವುದನ್ನು ಆಯಾ ದೇಶಕ್ಕೆ ಬಿಟ್ಟಿತು. ಆ ವಿನಾಯಿತಿಯಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಹೆಸರಿಲ್ಲ. ದಕ್ಷಿಣ ಕೊರಿಯಾದಲ್ಲಿ 2021ರಲ್ಲಿ ಅವರಿಗೆ ಸಂಘ ಸೇರುವ ಹಕ್ಕು, ಮಾತುಕತೆಯ ಹಕ್ಕು ಸಿಕ್ಕಿತು. ಮುಷ್ಕರದ ಹಕ್ಕು ಸಿಗಲಿಲ್ಲ. ಎರಡೂ ಬೇರೆ ಬೇರೆ ಅಂದೆನಲ್ಲ, ನೋಡಿ! ಪಕ್ಕದ ಜಪಾನಿನಲ್ಲಿ ಸಂಘ ಕಟ್ಟುವ ಹಕ್ಕಿಗೇ ಅವರು ಇನ್ನೂ ಕಾಯುತ್ತಿದ್ದಾರೆ.

ಸಮಯ ಮುಗಿಯಿತು. ನಮಸ್ಕಾರ.