ಪೈಥಾನ್‌ನಲ್ಲಿ ಕನ್ನಡದ ಹೆಸರು: ಕಣ್ಣಿಗೆ ಕಾಣದ ಒಂದು ಅಕ್ಷರದ ಕಾಟ

[ಸ್ಕ್ರೀನ್ ಮೇಲೆ: ಬೆಲೆ = 40]

ನಮಸ್ಕಾರ. ಈ ಸಾಲು ನೋಡಿ. ಇದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೋಡ್. ರನ್ ಮಾಡುತ್ತೇನೆ. ಎರರ್ ಬರಲಿಲ್ಲ, ಅಲ್ವಾ?

2008ರಲ್ಲಿ ಪೈಥಾನ್ 3 ಬಂದಾಗಿನಿಂದ ಮೌಲ್ಯ ಇಟ್ಟುಕೊಳ್ಳುವ ವೇರಿಯಬಲ್‌ಗೂ ಫಂಕ್ಷನ್‌ಗೂ ಕನ್ನಡದಲ್ಲೇ ಹೆಸರಿಡಬಹುದು. ಕೋಡಿಂಗ್ ಕಲಿಯುವ ಮಕ್ಕಳಿಗೆ ಮೊದಲ ದಿನವೇ ಇದನ್ನು ತೋರಿಸಬೇಕು ಅನ್ನುವುದು ನನ್ನ ಆಸೆ. ತಮ್ಮ ಭಾಷೆಯ ಪದ ಕಂಡರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ನಿಯಮ ಜಾಸ್ತಿ ಇಲ್ಲ. ಹೆಸರು ಅಂಕಿಯಿಂದ ಶುರುವಾಗಬಾರದು.

[ಸ್ಕ್ರೀನ್ ಮೇಲೆ: ಬೆಲೆ2 ಸರಿ, 2ಬೆಲೆ ತಪ್ಪು]

ಕನ್ನಡದ ೨ ಹಾಕಿದರೂ ಅಷ್ಟೇ, ತಪ್ಪೇ. ಹೆಸರಿನ ನಡುವೆ ಜಾಗ ಬಿಡುವಂತಿಲ್ಲ. ಇಫ್, ಫಾರ್, ವೈಲ್ ಥರದ 35 ಪದಗಳನ್ನು ಪೈಥಾನ್ ತನಗೇ ಇಟ್ಟುಕೊಂಡಿದೆ. ಅವೆಲ್ಲ ಇಂಗ್ಲಿಷ್ ಪದಗಳು. ಹಾಗಾಗಿ ಕನ್ನಡದಲ್ಲಿ ಹೆಸರಿಡುವವರಿಗೆ ಆ ತಲೆನೋವೇ ಇಲ್ಲ.

ಫಂಕ್ಷನ್ ಒಂದು ಕೆಲಸ ಮಾಡುತ್ತದೆ. ಅದಕ್ಕೆ ಸುಮ್ನೆ 'ಬಿಲ್' ಅಂತ ಹೆಸರಿಟ್ಟರೆ ಏನು ಮಾಡುತ್ತದೆ ಅಂತ ತಿಳಿಯುವುದಿಲ್ಲ. 'ಬಿಲ್_ಕೂಡಿಸು' ಅನ್ನಿ, ಓದಿದ ಕೂಡಲೇ ಗೊತ್ತಾಗುತ್ತದೆ.

ಒಂದು ಮಾತು. ಬೇರೆ ಭಾಷೆಯವರೂ ಓದುವ ಕೋಡ್ ಆದರೆ ಇಂಗ್ಲಿಷ್ ಹೆಸರೇ ಇಡಿ. ನಿಮ್ಮ ಅಭ್ಯಾಸಕ್ಕೆ, ಪಾಠ ಹೇಳುವುದಕ್ಕೆ ಕನ್ನಡ ಬಳಸಿ.

ಈಗ ನನ್ನನ್ನು ಒಂದು ಸಂಜೆಪೂರ್ತಿ ಕಾಡಿದ ಎರರ್ ತೋರಿಸುತ್ತೇನೆ.

[ಸ್ಕ್ರೀನ್ ಮೇಲೆ: ಬಸ್‌ಚಾರ್ಜ್ = 30]

ಅಂಕಿ ಇಲ್ಲ, ಜಾಗ ಇಲ್ಲ. ಆದರೂ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅನ್ನುವ ದೂರು! 'ಇನ್‌ವ್ಯಾಲಿಡ್ ನಾನ್ ಪ್ರಿಂಟಬಲ್ ಕ್ಯಾರೆಕ್ಟರ್, ಯು+200ಸಿ' ಅನ್ನುತ್ತಿದೆ.

'ಸ್' ಆದಮೇಲೆ 'ಚಾ' ಟೈಪ್ ಮಾಡಿದರೆ ಚಕಾರ ಒತ್ತಾಗಿ ಕೆಳಗೆ ಹೋಗುತ್ತದೆ. ಹೀಗೆ: ಬಸ್ಚಾರ್ಜ್. ಒತ್ತು ಬೇಡ ಅಂದಾಗ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಅದೇ ಝೀರೋ ವಿಡ್ತ್ ನಾನ್ ಜಾಯ್ನರ್. ಎರರ್‌ನಲ್ಲಿ ಕಂಡ ಯು+200ಸಿ ಅದರದೇ ಸಂಕೇತ. ಅದರ ಅಗಲ ಸೊನ್ನೆ. ಸಾಫ್ಟ್‌ವೇರ್, ಫೇಸ್‌ಬುಕ್ ಅಂತ ಬರೆಯುವಾಗಲೆಲ್ಲ ಅದು ಒಳಗೆ ಕೂತಿರುತ್ತದೆ. ನಮ್ಮ ಬರವಣಿಗೆಗೆ ಅದು ಬೇಕೇ ಬೇಕು. ಪೈಥಾನ್ ಮಾತ್ರ ಹೆಸರಿನೊಳಗೆ ಅದನ್ನು ಒಪ್ಪುವುದಿಲ್ಲ.

ಕರ್ಸರನ್ನು 'ಸ್' ಪಕ್ಕ ಇಡಿ. ಆ ಕಾಣದ ಅಕ್ಷರ ಅಳಿಸಿ. ಆ ಜಾಗಕ್ಕೆ ಅಂಡರ್‌ಸ್ಕೋರ್ ಹಾಕಿ.

[ಸ್ಕ್ರೀನ್ ಮೇಲೆ: ಬಸ್_ಚಾರ್ಜ್ = 30]

ಒತ್ತೂ ಬರಲಿಲ್ಲ, ಎರಡೂ ಪದ ಬೇರೆಬೇರೆಯಾಗಿ ಕಾಣುತ್ತಿವೆ. ರನ್ ಮಾಡೋಣ. ಹಾಂ, ಓಡಿತು.